‘ಅಂತ’ ಆದ ಮೇಲಿನ ಶಬ್ದ

ರಾಜೂರಿನ ವಿಧವೆಯ ಪ್ರಶ್ನೆ ನಮ್ಮ ಪಾಠಶಾಲೆಗೆ ಬಂದದ್ದು ಕಡುಬೇಸಿಗೆಯಲ್ಲಿ. ಆಗ ಕಂಪನಿ ಸರಕಾರದ ಸಾಹೇಬ ರೋಣದಲ್ಲಿ ಡೇರೆ ಹಾಕಿಸಿ ಕಚೇರಿ ನಡೆಸುತ್ತಿದ್ದ. ಅಲ್ಲಿಂದ ಒಬ್ಬ ಪಟ್ಟೇವಾಲಾ ಜವಾನ ನಮ್ಮ ಗಜೇಂದ್ರಗಡದ ತನಕ ನಡೆದು ಬಂದು, ಪಡಸಾಲೆಯ ಕಟ್ಟೆಗೆ ಕೂತು ಬೆವರು ಒರೆಸಿಕೊಂಡು, ಒಂದು ಕಾಗದ ಕೈಗಿಟ್ಟ. ಗಂಡ ಬದುಕಿದ್ದಾಗ ಅಪ್ಪಣೆ ಕೊಟ್ಟಿರದಿದ್ದರೆ ವಿಧವೆಯಾದವಳು ದತ್ತಕ ತೆಗೆದುಕೊಳ್ಳಬಹುದೇ? ಈ ಸೀಮೆಯಲ್ಲಿ ನಡೆಯುವ ಶಾಸ್ತ್ರ ಯಾವುದು? ಆಧಾರ ಸಹಿತ ಬರೆದು ಕಳಿಸಬೇಕು. ಕಾಗದದಲ್ಲಿದ್ದದ್ದು ಇಷ್ಟೇ.

ಇಂಥ ಬರಹಕ್ಕೆ ನಾವು ವ್ಯವಸ್ಥೆ ಅನ್ನುತ್ತಿದ್ದೆವು. ಅದರಲ್ಲಿ ಬರೆಯುವವನ ಸ್ವಂತ ಮಾತು ಕಡಿಮೆ, ಹಿಂದಿನವರು ಹೇಳಿದ್ದೇ ಹೆಚ್ಚು. ಯಾರು ಏನು ಹೇಳಿದರು, ಅದನ್ನು ಯಾರು ಒಪ್ಪಿದರು, ಯಾರು ಒಪ್ಪಲಿಲ್ಲ ಎಂದು ಒಂದರ ಮೇಲೊಂದು ಕಲ್ಲಿಟ್ಟು ಗೋಡೆ ಏರಿಸಿದ ಹಾಗೆ ಬರೆಯುತ್ತ ಹೋಗಬೇಕು. ಕೊನೆಯಲ್ಲಿ ‘ಆದ್ದರಿಂದ ಹೀಗೆ’ ಎಂದು ನಮ್ಮದೊಂದು ಸಾಲು, ಅದರ ಕೆಳಗೆ ಸಹಿ.

ಕೇಳಿದ ಪ್ರಶ್ನೆಯ ಹಿಂದಿನ ಮನೆ ನನಗೆ ಗೊತ್ತಿದ್ದದ್ದೇ. ಗಜೇಂದ್ರಗಡದ ಪೇಟೆಯಲ್ಲಿ ಹತ್ತಿಯ ವ್ಯಾಪಾರ, ರಾಜೂರಿನಲ್ಲಿ ಹೊಲ, ಹಳೆಯ ಕುಳ. ಅಣ್ಣತಮ್ಮಂದಿರಲ್ಲಿ ಅಣ್ಣ ವಾಂತಿಭೇದಿಯಿಂದ ಒಂದೇ ಹಗಲಿನಲ್ಲಿ ಹೋಗಿಬಿಟ್ಟ. ಮಕ್ಕಳಿರಲಿಲ್ಲ. ಬಾಯಿಗೆ ನೀರು ಬಿಡುವುದಕ್ಕೇ ವೇಳೆ ಸಿಗದಿದ್ದಾಗ ಅಪ್ಪಣೆ ಕೊಡುವ ಮಾತೆಲ್ಲಿ? ವರ್ಷದ ಕ್ರಿಯೆ ಮುಗಿಸಿ ಅವನ ಹೆಂಡತಿ ಪುರ್ತಗೇರಿಯ ಬಳಗದವರ ಮನೆಯಿಂದ ಒಂದು ಗಂಡುಕೂಸನ್ನು ತಂದು, ಊರ ಹಿರಿಯರ ಮುಂದೆ ನೀರು ಬಿಡಿಸಿಕೊಂಡು ದತ್ತಕ ಮಾಡಿಕೊಂಡಳು. ದತ್ತಕ ನಿಲ್ಲದಿದ್ದರೆ ಅಣ್ಣನ ಪಾಲೂ ತನಗೇ ಎಂದು ಮೈದುನ ಕಚೇರಿಗೆ ಹೋದ. ಆ ಮೈದುನನೇ ನಮ್ಮ ಪಾಠಶಾಲೆಗೆ ತನ್ನ ಹಳೆಯ ಹತ್ತಿ ವಖಾರಿಯನ್ನು ಬಿಟ್ಟುಕೊಟ್ಟಿದ್ದ, ವಿದ್ಯಾರ್ಥಿಗಳ ಊಟಕ್ಕೆ ಜೋಳ ಹಾಕಿಸುತ್ತಿದ್ದ. ಕಾಗದ ಓದಿದ ಕೂಡಲೇ ನನಗೆ ನೆನಪಾದದ್ದು ಇದು. ಆದರೂ ಶಾಸ್ತ್ರ ಸ್ಪಷ್ಟವಿತ್ತು. ಹೆದರುವಂಥದ್ದೇನೂ ಇಲ್ಲ ಅಂದುಕೊಂಡೆ.

ಆಗ ನನ್ನ ಹತ್ತಿರ ಇದ್ದವರು ಹುಡುಗರಲ್ಲ. ಕಾವ್ಯ, ವ್ಯಾಕರಣ ಬೇರೆ ಕಡೆ ಮುಗಿಸಿ, ಮೀಸೆ ಬಲಿತ ಮೇಲೆ ಶಾಸ್ತ್ರದ ಮೇಲಿನ ಪಾಠಕ್ಕೆ ಬಂದ ಗಂಡಸರು. ಓದುವುದಕ್ಕೆ ಅವರಿಗೆ ನನ್ನ ಸಹಾಯ ಬೇಕಿರಲಿಲ್ಲ. ಅವರಿಗೆ ಬರದೇ ಇದ್ದದ್ದು ಬರೆಯುವುದು. ಅದರಲ್ಲೂ ಇನ್ನೊಬ್ಬರ ಮಾತನ್ನು ತಂದು ತಮ್ಮ ಬರಹದಲ್ಲಿ ಕೂರಿಸುವುದು. ಹಳೆಯ ಸಂಸ್ಕೃತ ಗ್ರಂಥಕಾರರು ಒಂದು ಮಾತು ಹೇಳಿ ಬರೀ ‘ಇತಿ’, ಅಂದರೆ ‘ಎಂದು’, ಅಂತ ಬಿಟ್ಟು ಮುಂದೆ ಹೋಗುತ್ತಾರೆ. ಅದು ತನ್ನದೋ, ಎದುರಾಳಿಯದೋ, ಸುಮ್ಮನೆ ಕಿವಿಗೆ ಬಿದ್ದದ್ದೋ ಹೇಳುವುದಿಲ್ಲ. ಹಿಂದೆ ಮುಂದೆ ಓದಿ, ‘ಎಂದು’ ಆದ ಮೇಲಿನ ಶಬ್ದವನ್ನು ನಾವು ಹಾಕಬೇಕು.

ಅಸೂಟಿಯಿಂದ ಬಂದವನೊಬ್ಬ ಎಲ್ಲದಕ್ಕೂ ‘ಅನ್ನುತ್ತಾನೆ’ ಎಂದೇ ಬರೆಯುತ್ತಿದ್ದ. ವಾದಿಸಿದವನೂ ಅನ್ನುತ್ತಾನೆ, ಸೋತವನೂ ಅನ್ನುತ್ತಾನೆ. ಒಂದು ದಿನ ಅವನನ್ನು ಎದುರಿಗೆ ಕೂರಿಸಿಕೊಂಡೆ.

“‘ಹಾಲು ಚೆಲ್ಲಿದೆ’ ಅಂತ ಸೊಸಿ ಅಂದಳು. ‘ಹಾಲು ಚೆಲ್ಲಿದೆ’ ಅಂತ ಸೊಸಿ ಒಪ್ಪಿಕೊಂಡಳು. ಏನು ಫರಕ್ ಆತು?”

ಅವನು ಬೆರಳಲ್ಲಿ ಎರಡೂ ವಾಕ್ಯ ಎಣಿಸಿದ. “ಹಾಲು ಅಷ್ಟೇ ಚೆಲ್ಲೇದಲ್ರಿ.”

ಹಿಂದಿನಿಂದ ನರಗುಂದದವನು ನಕ್ಕ. “ಎರಡನೇದರಾಗ ಅತ್ತಿ ಬಂದು ನಿಂತಾಳ, ಮಾರಾಯಾ.”

ಈ ನರಗುಂದದವನಂಥ ವಿದ್ಯಾರ್ಥಿ ನನಗೆ ಮುಂಚೆಯೂ ಸಿಕ್ಕಿರಲಿಲ್ಲ, ಆಮೇಲೂ ಸಿಗಲಿಲ್ಲ. ಅವನ ತಂದೆ ಅಲ್ಲಿಯ ಅರಸರ ವಾಡೆಯಲ್ಲಿ ದಫ್ತರದ ಕೆಲಸದಲ್ಲಿದ್ದವರು. ಇವನಿಗೆ ಪ್ರತಿ ಶಬ್ದದ ತೂಕ ಕೈಯಲ್ಲೇ ತಿಳಿಯುತ್ತಿತ್ತು. ಶಂಕಿಸುತ್ತಾನೆ, ಬಗೆಯುತ್ತಾನೆ, ಆಗ್ರಹಿಸುತ್ತಾನೆ, ಅಲ್ಲಗಳೆಯುತ್ತಾನೆ, ನಿರ್ಣಯಿಸುತ್ತಾನೆ: ಎಲ್ಲಿ ಯಾವುದೆಂದು ಒಮ್ಮೆಯೂ ತಪ್ಪುತ್ತಿರಲಿಲ್ಲ. ರಾಜೂರಿನ ವ್ಯವಸ್ಥೆಯ ಕರಡನ್ನು ಅವನಿಗೇ ಒಪ್ಪಿಸಿದೆ.

ಈ ಸೀಮೆಯಲ್ಲಿ ನಡೆಯುವ ಗ್ರಂಥದಲ್ಲಿ ಈ ವಿಷಯದ ಭಾಗ ಹೀಗಿತ್ತು. ಮೊದಲು, ‘ಗಂಡನ ಅಪ್ಪಣೆ ಇಲ್ಲದೆ ವಿಧವೆ ತೆಗೆದುಕೊಂಡ ದತ್ತಕ ನಿಲ್ಲದು ಎಂದು’. ಅಲ್ಲಿಗೆ ಅದು ಮುಗಿಯಿತು, ಕ್ರಿಯಾಪದವಿಲ್ಲ. ಆಮೇಲೆ ಹಲವು ಎಲೆಗಳ ತನಕ ಅದಕ್ಕೆ ಉತ್ತರ. ಗಂಡ ಬೇಡವೆಂದು ಹೇಳಿರದಿದ್ದರೆ ಒಪ್ಪಿಗೆ ಇತ್ತೆಂದೇ ತಿಳಿಯಬೇಕು, ದತ್ತಕ ನಿಲ್ಲುತ್ತದೆ ಎಂದು. ಮೊದಲನೆಯದು ಎದುರಾಳಿಯ ಮಾತು, ಕೆಡವುವುದಕ್ಕಾಗಿಯೇ ಎತ್ತಿ ನಿಲ್ಲಿಸಿದ್ದು. ಎರಡನೆಯದು ಗ್ರಂಥಕಾರನ ನಿರ್ಣಯ. ಸಂದೇಹಕ್ಕೆ ಜಾಗವೇ ಇರಲಿಲ್ಲ.

ಆದರೆ ನಮ್ಮ ಪ್ರತಿ ಬರೆದ ಲೇಖಕ ಅವಸರದ ಮನುಷ್ಯ. ಅಲ್ಲಲ್ಲಿ ಅಕ್ಷರ ನುಂಗಿದ್ದ. ಒಂದು ‘ಅಲ್ಲ’ ಬಿಟ್ಟುಹೋಗಿದ್ದರೆ ಇಡೀ ಅರ್ಥ ತಿರುಗಿಬಿಡುತ್ತದೆ. ಹಾಗಾಗಿ ನಾನು ನರಗುಂದದವನನ್ನು ಕರೆದುಕೊಂಡು, ಇನ್ನೊಂದು ಪ್ರತಿ ಇದ್ದ ಅವನ ಊರಿನ ಒಬ್ಬ ಮುದಿ ಪಂಡಿತರ ಮನೆಗೆ ಹೋದೆ. ಅವರ ಪೋಥಿಯನ್ನು ನಾನು ಗಟ್ಟಿಯಾಗಿ ಓದುವುದು, ನಮ್ಮದರಲ್ಲಿ ಅವನು ಬೆರಳಿಟ್ಟು ನೋಡುತ್ತ ಬರುವುದು. ಎರಡೂ ಪ್ರತಿಯ ಪಾಠ ಕೂಡಿತು. ಏನೂ ಬಿಟ್ಟಿರಲಿಲ್ಲ.

ನರಗುಂದದಲ್ಲಿ ಆಗಲೇ ಜನ ದನಿ ತಗ್ಗಿಸಿ ಮಾತಾಡತೊಡಗಿದ್ದರು. ಅಲ್ಲಿಯ ಅರಸರಿಗೇ ಸರಕಾರದಿಂದ ದತ್ತಕದ ಅಪ್ಪಣೆ ಸಿಗಲಿಲ್ಲವೆಂಬುದು ಊರಿಗೆಲ್ಲ ಗೊತ್ತಿದ್ದ ಮಾತು. ಮುಂದೆ ಅಲ್ಲಿ ಎದ್ದ ಬಂಡು ಏನಾಯಿತೆಂಬುದನ್ನು ಎಲ್ಲರೂ ಬಲ್ಲರು, ಅದನ್ನು ಬರೆಯಲು ನಾನು ಕೂತಿಲ್ಲ. ಆ ದಿನ ನಮ್ಮ ಊಟವಾದ ಮೇಲೆ ವಿದ್ಯಾರ್ಥಿಯ ತಂದೆ ಅಡಕೊತ್ತು ಕೆಳಗಿಟ್ಟು ಕೇಳಿದರು:

“ಶಾಸ್ತ್ರಿಗಳೇ, ನಮ್ಮ ವಾಡೇದಾಗ ಅಷ್ಟು ಶಾಸ್ತ್ರ, ಅಷ್ಟು ಆಧಾರ ಬರಸಿ ಕಳಿಸಿದ್ರು. ಸರಕಾರ ಓದಿತೇನು? ರಾಜೂರ ಹೆಣ್ಣುಮಗಳದು ಓದ್ತದೇನು?”

“ಓದೋದು ಬಿಡೋದು ಅವರಿಗೆ ಬಿಟ್ಟದ್ದು. ಬರಿಯೋದು ನಮ್ಮ ಕೆಲಸ,” ಅಂದೆ.

ಮಗ ತಂದೆಯ ಮುಖ ನೋಡುತ್ತ ಕೂತಿದ್ದ.

ಗಜೇಂದ್ರಗಡಕ್ಕೆ ಬಂದು ಅವನು ತಯಾರಿಸಿದ ಕರಡಿನಲ್ಲಿ ತಿದ್ದಲು ನನಗೆ ಏನೂ ಸಿಗಲಿಲ್ಲ. ‘ನಿಲ್ಲದು ಎಂದು ಕೆಲವರು ಶಂಕಿಸುತ್ತಾರೆ, ಅದನ್ನು ಗ್ರಂಥಕಾರನು ಅಲ್ಲಗಳೆದು, ನಿಲ್ಲುತ್ತದೆ ಎಂದು ನಿರ್ಣಯಿಸುತ್ತಾನೆ.’ ನಾನು ಸಹಿ ಹಾಕಿ ರೋಣಕ್ಕೆ ಕಳಿಸಿದೆ. ಅದಾದ ಕೆಲವು ದಿನಕ್ಕೆ ಅವನು ಮನೆಯಲ್ಲಿ ಮುಂಜಿ ಇದೆ ಎಂದು ಹೇಳಿ ನರಗುಂದಕ್ಕೆ ಹೋದ. ಹೋಗುವಾಗ ಕಾಲಿಗೆ ಬಿದ್ದು ಹೋದ.

ಕಚೇರಿಯಿಂದ ಮತ್ತೆ ಕರೆ ಬಂತು. ಮೈದುನನ ಪಕ್ಷದವರೂ ಒಂದು ವ್ಯವಸ್ಥೆ ಒಪ್ಪಿಸಿದ್ದಾರೆ, ಎರಡರಲ್ಲೂ ಒಂದೇ ಗ್ರಂಥದ ವಚನಗಳಿವೆ, ತೀರ್ಮಾನ ಮಾತ್ರ ಬೇರೆ, ಬಂದು ವಿವರಿಸಬೇಕು. ಅಸೂಟಿಯವನ ಹೆಗಲಿಗೆ ಪೋಥಿ ಹೊರಿಸಿಕೊಂಡು ರೋಣಕ್ಕೆ ಹೋದೆ. ಸಾಹೇಬನ ಮಾತನ್ನು ನಮಗೂ ನಮ್ಮ ಮಾತನ್ನು ಸಾಹೇಬನಿಗೂ ಹೇಳುವವನು ಅಲ್ಲಿಯ ಶಿರಸ್ತೇದಾರ. ಅವನು ಆ ಎರಡನೆಯ ವ್ಯವಸ್ಥೆಯನ್ನು ನನಗೆ ನೋಡಲು ಕೊಟ್ಟ.

ಅಕ್ಷರ ನೋಡಿದ ಕೂಡಲೇ ಗೊತ್ತಾಯಿತು. ನರಗುಂದದವನ ಕೈ. ನನಗೆ ಮೊದಲು ಸಿಟ್ಟು ಬರಲಿಲ್ಲ. ಏನೋ ತಪ್ಪಾಗಿದೆ, ನಮ್ಮದೇ ಕರಡು ಅವರಿಗೆ ಸಿಕ್ಕಿದೆ ಅಂದುಕೊಂಡು ಓದಿದೆ. ವಚನಗಳು ನಾವು ಕೂಡಿಸಿ ನೋಡಿದ ಹಾಗೇ ಇದ್ದವು. ಒಂದು ಕೊಂಬು, ಒಂದು ದೀರ್ಘ ತಪ್ಪಿರಲಿಲ್ಲ. ‘ನಿಲ್ಲದು ಎಂದು ಗ್ರಂಥಕಾರನು ನಿರ್ಣಯಿಸುತ್ತಾನೆ. ನಿಲ್ಲುತ್ತದೆ ಎಂದೂ ಕೆಲವೆಡೆ ಹೇಳಿಕೆ ಉಂಟು.’

ಆ ‘ಎಂದೂ’ದ ದೀರ್ಘದ ಮೇಲೆ ಬೆರಳಿಟ್ಟೆ. ಹಲವು ಎಲೆಗಳ ವಾದವನ್ನು ಒಂದು ದೀರ್ಘದಲ್ಲಿ ಮೂಲೆಗೆ ತಳ್ಳಿಬಿಟ್ಟಿದ್ದ. ಅಂಥ ಕೆಲಸ ದಡ್ಡನ ಕೈಯಲ್ಲಿ ಆಗುವುದಿಲ್ಲ.

ಅವನು ಅಲ್ಲೇ ರೋಣದ ಧರ್ಮಶಾಲೆಯಲ್ಲಿ ಇಳಿದಿದ್ದ, ರಾಜೂರಿನ ಮೈದುನನ ಜೊತೆ. ನಾನು ಹೋದಾಗ ಎದ್ದು ನಿಂತ. ಕಾಲಿಗೆ ಬೀಳಲು ಬಂದ, ನಾನು ಹಿಂದೆ ಸರಿದೆ.

“ಇದು ನಿನ್ನ ಕೈಯಾ?”

“ಹೌದ್ರಿ.”

“ಯಾರ ಮಾತು ಯಾರ ಬಾಯಾಗ ಹಾಕೀದಿ, ಗೊತ್ತದ ಏನು?”

“ಒಂದಕ್ಷರ ಸುಳ್ಳು ಬರದಿಲ್ರಿ, ಗುರುಗಳೇ. ವಚನ ಎಲ್ಲಾ ಖರೇನ ಅವ. ಗ್ರಂಥದಾಗ ‘ಎಂದು’ ಅಂತ ಅಷ್ಟೇ ಅದ. ಮುಂದಿಂದು ನಾವು ಹಾಕೋದಲ್ರಿ? ನೀವು ಒಂದು ಹಾಕಿದ್ರಿ, ನಾ ಒಂದು ಹಾಕೀನಿ.”

“ನೀನ ನನ್ನ ಜೋಡಿ ಕೂತು ಮುಂದಿನ ಎಲಿ ಓದೀದಿ.”

“ಓದೀನ್ರಿ. ಯಾರು ಓದ್ತಾರ ಇಲ್ಲೆ?” ಅವನ ದನಿಯಲ್ಲಿ ನಾಚಿಕೆಯಿರಲಿಲ್ಲ, ದಣಿವಿತ್ತು. “ನಮ್ಮ ಅರಸರಿಗೇ ಇಲ್ಲಂದವರು ಈಕಿಗೆ ಹೂಂ ಅಂತಾರೇನ್ರಿ? ಸರಕಾರಕ್ಕ ಬೇಕಾದದ್ದು ಬರದ್ರ ಕಚೇರಿ ಶಾಸ್ತ್ರಿಯ ಜಾಗಾ ಅದ. ವಾಡೇದಾಗ ನಮ್ಮಪ್ಪನ ಕೆಲಸ ಇವತ್ತ ಅದ, ನಾಳೆ ಇಲ್ಲ. ನಾ ಏನು ಮಾಡ್ಲಿ?”

ನನಗೆ ಹೊಡೆಯಬೇಕೆನಿಸಿತು. ಕೈ ಎತ್ತಲೂ ಇಲ್ಲ, ಶಾಪ ಹಾಕಲೂ ಇಲ್ಲ. ಅಷ್ಟರಲ್ಲಿ ಮೈದುನ ಒಳಗಿಂದ ಬಂದ. ಮರ್ಯಾದೆಯ ಮನುಷ್ಯ, ಯಾವತ್ತೂ ಏರುದನಿಯಲ್ಲಿ ಮಾತಾಡಿದವನಲ್ಲ.

“ಶಾಸ್ತ್ರಿಗಳಽ, ಗುರು ಶಿಷ್ಯಾ ಜಗಳ ಆಡೂದು ಬ್ಯಾಡ್ರಿ. ನೀವು ನಿಮ್ಮ ಮಾತು ಹಿಂದ ತಗೋರಿ ಅಂತ ನಾ ಅನ್ನೂದಿಲ್ಲ. ‘ಎರಡೂ ವ್ಯವಸ್ಥಿದಾಗಿನ ವಚನ ಸರಿ ಅದಾವ’ ಅಂತ ಒಂದು ಸಾಲು ಬರದು ಸಹಿ ಹಾಕ್ರಿ. ಸುಳ್ಳೇನೈತ್ರಿ ಅದರಾಗ?”

ಸುಳ್ಳು ಏನೂ ಇರಲಿಲ್ಲ. ಅದೇ ನನ್ನನ್ನು ಕಟ್ಟಿಹಾಕಿದ್ದು. ವಚನಗಳು ಸರಿಯಾಗಿದ್ದವು. ಆ ಒಂದು ಸಾಲು ಬರೆದರೆ ವಖಾರಿ ಉಳಿಯುತ್ತದೆ, ವಿದ್ಯಾರ್ಥಿಗಳ ಊಟ ಉಳಿಯುತ್ತದೆ, ನನ್ನ ವ್ಯವಸ್ಥೆಯೂ ಹಾಗೇ ಇರುತ್ತದೆ. ಅಸೂಟಿಯವನು ಪೋಥಿಯ ಗಂಟನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತಿದ್ದ. ಅವನ ಮನೆಯಲ್ಲಿ ಎರಡು ಹೊತ್ತಿನ ಊಟ ಕಷ್ಟವೆಂದೇ ಅವನು ನನ್ನ ಹತ್ತಿರ ಉಳಿದಿದ್ದವನು.

“ಬರಿಯೂದಿಲ್ಲ,” ಅಂದೆ. “ಇಡೀ ಪೋಥಿ ಬಿಚ್ಚಿ ಸಾಹೇಬರ ಮುಂದ ಓದ್ತೀನಿ. ಒಂದು ಎಲಿನೂ ಬಿಡೂದಿಲ್ಲ.”

ಮೈದುನ ತಲೆ ಆಡಿಸಿದ. “ಓದ್ರಿ. ಆದ್ರ ವಖಾರಿ ಬಾಗಿಲದ ಕೀಲಿ ಮನಿಗೆ ಕಳಿಸಿಬಿಡ್ರಿ.”

ಮರುದಿನ ಡೇರೆಯಲ್ಲಿ ಸೆಕೆ ಕುದಿಯುತ್ತಿತ್ತು. ವಿಧವೆ ಒಂದು ಕಡೆ ಸೆರಗು ಮುಖಕ್ಕೆಳೆದು ಕೂತಿದ್ದಳು, ಕೂಸು ಅವಳ ತೊಡೆಯ ಮೇಲೆ ನಿದ್ದೆ ಹೋಗಿತ್ತು. ನಾನು ಓದತೊಡಗಿದೆ. ಸಂಸ್ಕೃತ ಓದಿ, ಕನ್ನಡದಲ್ಲಿ ಅರ್ಥ ಹೇಳುವುದು. ಶಿರಸ್ತೇದಾರ ಅದನ್ನು ಇಂಗ್ರೇಜಿಯಲ್ಲಿ ಹೇಳುವುದು. ಹಾಗೆ ಕೆಲವು ಸಾಲು ಸಾಗಿತು. ಒಂದು ಕಡೆ ನನಗೆ ಸಂಶಯ ಬಂತು. ನಾನು ‘ಶಂಕಿಸುತ್ತಾರೆ’ ಅಂದಾಗಲೂ ‘ಅಲ್ಲಗಳೆಯುತ್ತಾನೆ’ ಅಂದಾಗಲೂ ಶಿರಸ್ತೇದಾರನ ಬಾಯಿಂದ ಒಂದೇ ಶಬ್ದ ಬರುತ್ತಿತ್ತು. ನನಗೆ ಇಂಗ್ರೇಜಿ ತಿಳಿಯದು, ಆದರೆ ಕಿವಿ ಇದೆಯಲ್ಲ.

“ರಾವಸಾಹೇಬ್ರ, ಎರಡಕ್ಕೂ ಒಂದ ಶಬ್ದ ಹೇಳಿದಿರೇನು?”

ಅವನು ನನ್ನ ಕಡೆ ಬಾಗಿ ಸಣ್ಣ ದನಿಯಲ್ಲಿ ಹೇಳಿದ. “ಶಾಸ್ತ್ರಿಬುವಾ, ‘ಪುಸ್ತಕ ಅಂತದ’ ಅಂದ್ರ ಸಾಕು. ಸಾಹೇಬರಿಗೆ ಊಟದ ಹೊತ್ತಾತು. ಲಗೂ ಮುಗಸ್ರಿ.”

“ಸಾಕಾಗೂದಿಲ್ಲ. ಮೊದಲನೇದು ಎದುರಾಳಿ ಮಾತು. ಗ್ರಂಥಕಾರ ಅದನ್ನ ಒಪ್ಪೂದಿಲ್ಲ ಅಂತ ಬಿಡಿಸಿ ಹೇಳ್ರಿ.”

ನನ್ನ ದನಿ ಏರಿತ್ತೆಂದು ಕಾಣುತ್ತದೆ. ಸಾಹೇಬ ತಲೆ ಎತ್ತಿ ಏನೆಂದು ಕೇಳಿದ. ಶಿರಸ್ತೇದಾರ ಹೇಳಿದ. ಸಾಹೇಬ ಕೆಟ್ಟ ಮನುಷ್ಯನೇನಲ್ಲ, ನಿಜವಾಗಿಯೂ ಅರ್ಥವಾಗದವನ ಹಾಗೆ ಹುಬ್ಬು ಗಂಟಿಕ್ಕಿ ಒಂದು ಪ್ರಶ್ನೆ ಕೇಳಿದ. ಶಿರಸ್ತೇದಾರ ಅದನ್ನು ನನಗೆ ತಿರುಗಿಸಿದ:

“ತನಗ ಒಪ್ಪಿಗಿಲ್ಲದ ಮಾತನ್ನ ಮನಿಶ್ಯಾ ತನ್ನ ಪುಸ್ತಕದಾಗ ಯಾಕ ಬರೀತಾನ, ಅಂತ ಕೇಳ್ತಾರ ಸಾಹೇಬರು.”

ಅದಕ್ಕೆ ಉತ್ತರ ಹೇಳುವುದಕ್ಕೆ ನನಗೆ ವರ್ಷಗಟ್ಟಲೆ ಪಾಠ ಬೇಕು. ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಿ, ಆಮೇಲೆ ಉತ್ತರ ಕೊಡುವುದೇ ನಮ್ಮ ರೀತಿ ಅಂದೆ. ಮುಂದಿನ ಎಲೆಗಳನ್ನು ಓದುತ್ತೇನೆ, ತಾನೇ ಗೊತ್ತಾಗುತ್ತದೆ ಅಂದೆ. ಸಾಹೇಬ ಕೈ ಅಡ್ಡ ಮಾಡಿದ. ಇಬ್ಬರು ಶಾಸ್ತ್ರಿಗಳೂ ಒಂದೊಂದು ಪಕ್ಷ ಹಿಡಿದವರು, ಯಾವ ಪಕ್ಷಕ್ಕೂ ಸೇರದ ಒಬ್ಬನು ಓದಿ ಹೇಳಲಿ ಅಂದನಂತೆ. ಶಿರಸ್ತೇದಾರ ಡೇರೆಯ ಸುತ್ತ ನೋಡಿ, ಪೋಥಿ ಹಿಡಿದು ನಿಂತಿದ್ದ ಅಸೂಟಿಯವನನ್ನು ಕರೆದ. ನರಗುಂದದವನು ಬೇಡವೆನ್ನಲಿಲ್ಲ. ನಾನೂ ಅನ್ನಲಿಲ್ಲ. ನನ್ನ ಶಿಷ್ಯನೇ, ಆದರೆ ಅವನು ಪ್ರಾಣ ಹೋದರೂ ಸುಳ್ಳಾಡುವವನಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಅವನು ಆ ಮೊದಲಿನ ಸಾಲು ಓದಿದ. ನಿಲ್ಲದು ಎಂದು.

“ಪುಸ್ತಕ ಹಿಂಗ ಅಂತದೋ ಇಲ್ಲೋ?” ಶಿರಸ್ತೇದಾರ ಕೇಳಿದ.

“ಅಂತದ್ರಿ. ಆದ್ರ ಮುಂದ...”

“ಅಂತದೋ ಇಲ್ಲೋ, ಅಷ್ಟ ಹೇಳು.”

ಅವನು ನನ್ನ ಕಡೆ ನೋಡಿದ. ಬಾಯಲ್ಲಿ ಶಬ್ದ ಹುಡುಕುತ್ತಿದ್ದ. ನನಗೆ ಕಾಣುತ್ತಿತ್ತು. ಸಿಗಲಿಲ್ಲ.

“ಅಂತದ್ರಿ,” ಅಂದ.

ಶಿರಸ್ತೇದಾರ ಇಂಗ್ರೇಜಿಯಲ್ಲಿ ಒಂದು ಮಾತು ಹೇಳಿದ. ಸಾಹೇಬ ಬರೆದುಕೊಂಡ. ನರಗುಂದದವನು ನೆಲ ನೋಡುತ್ತ ನಿಂತಿದ್ದ. ಅಷ್ಟು ಹೊತ್ತಿಗೆ ಕೂಸು ಎಚ್ಚರಾಗಿ ನೀರು ಕೇಳಿತು.

ದತ್ತಕ ನಿಲ್ಲುವುದಿಲ್ಲವೆಂದು ತೀರ್ಪಾಯಿತು. ಡೇರೆಯ ಹೊರಗೆ ಬೇವಿನ ನೆರಳಿನಲ್ಲಿ ಆ ಹೆಣ್ಣುಮಗಳು ನನ್ನ ಎದುರು ಬಂದು ನಿಂತಳು. ಅತ್ತಿರಲಿಲ್ಲ.

“ಪುಸ್ತಕ ನಮ್ಮ ಕಡೆ ಐತಿ ಅಂತ ಬರದಿದ್ರಿ, ಶಾಸ್ತ್ರಿಗಳಽ.”

“ಅದ ತಾಯಿ. ಈಗೂ ಅದ.”

“ಮತ್ತ?”

ಕೂಸಿನ ಹೆತ್ತ ತಂದೆ ಪುರ್ತಗೇರಿಯಿಂದ ಬಂದಿದ್ದ. ಅವನನ್ನು ಕೇಳಿದೆ, ಕರೆದುಕೊಂಡು ಹೋಗುತ್ತೀಯಾ ಎಂದು. “ನೀರು ಬಿಟ್ಟು ಕೊಟ್ಟೀನ್ರಿ. ಕೊಟ್ಟದ್ದು ಹ್ಯಾಂಗ ತಿರುಗಿ ತಗೊಳ್ಲಿ?” ಅಂದ. ಅವನ ಮಾತೂ ಶಾಸ್ತ್ರಕ್ಕೆ ಸರಿಯಾಗಿತ್ತು. ಕೊಟ್ಟವನು ಕೊಟ್ಟಾಗಿದೆ, ತೆಗೆದುಕೊಂಡವಳು ತೆಗೆದುಕೊಂಡಿಲ್ಲವೆಂದು ಸರಕಾರ ಹೇಳಿದೆ. ಕೂಸು ಬೇವಿನಕಾಯಿ ಆರಿಸುತ್ತ ಕೂತಿತ್ತು.

ಊರಿಗೆ ಬಂದು ವಖಾರಿಯ ಕೀಲಿ ಕಳಿಸಿದೆ. ವಿದ್ಯಾರ್ಥಿಗಳು ಒಬ್ಬೊಬ್ಬರೇ ಬೇರೆ ಊರಿನ ಪಾಠಶಾಲೆಗಳಿಗೆ ಹೋದರು. ಅಸೂಟಿಯವನು ತಿಂಗಳಾನುಗಟ್ಟಲೆ ನನಗೆ ಮುಖ ತೋರಿಸಲಿಲ್ಲ. ಒಮ್ಮೆ ಪೇಟೆಯಲ್ಲಿ ಸಿಕ್ಕವನು, “ಏನು ಅನ್ನಬೇಕಾಗಿತ್ರಿ ನಾನು?” ಎಂದು ಕೇಳಿದ. ‘ಎದುರಾಳಿ ಶಂಕಿಸುತ್ತಾನೆ’ ಅಂದೆ. ಅವನು ಆ ಶಬ್ದವನ್ನು ತುಟಿಯಲ್ಲೇ ಒಂದು ಸಲ ಅಂದುಕೊಂಡು, ಹೊಲದ ಕೆಲಸ ಇದೆ ಎಂದು ಹೊರಟುಹೋದ. ನರಗುಂದದವನಿಗೆ ಕಚೇರಿಯ ಶಾಸ್ತ್ರಿಯ ಜಾಗ ಸಿಕ್ಕಿತು. ಅವನ ಬರಹ ಅಚ್ಚುಕಟ್ಟು ಎಂದು ಈಗಲೂ ಜನ ಹೊಗಳುತ್ತಾರೆ. ಅಚ್ಚುಕಟ್ಟೇ.

ಮರುವರ್ಷ ರಾಜೂರಿನಿಂದ ಕರೆ ಬಂತು. ಗಂಡನ ತಿಥಿ. ಮೈದುನನಿಗೆ ಹೆದರಿ ಊರಿನ ಯಾವ ಭಟ್ಟರೂ ಅವಳ ಕಡೆ ಬರಲು ಒಪ್ಪಿರಲಿಲ್ಲ. ನಾನು ಹೋದೆ. ದೊಡ್ಡಮನೆಯಲ್ಲಿ ಮೈದುನನ ಕೈಯಿಂದ ಅದೇ ದಿನ, ಅದೇ ಹೊತ್ತಿಗೆ ಶ್ರಾದ್ಧ ನಡೆಯುತ್ತಿತ್ತು. ಹಿತ್ತಲ ಕಡೆಯ ಖೋಲಿಯಲ್ಲಿ ಇವಳು ನೆಲ ಸಾರಿಸಿ, ಎಳ್ಳು ದರ್ಭೆ ಇಟ್ಟು, ಕೂಸಿಗೆ ಸ್ನಾನ ಮಾಡಿಸಿ ಕೂರಿಸಿದ್ದಳು. ನಡುವೆ ಒಂದು ಮಣ್ಣಿನ ಗೋಡೆ.

ಸಂಕಲ್ಪ ಹೇಳಿಸತೊಡಗಿದೆ. ತೀರಿಹೋದವನ ಗೋತ್ರ, ಹೆಸರು ಹೇಳಿ, ಅವನ ಮಗನಾದ ಇವನು ಎಂದು ಗಟ್ಟಿಯಾಗಿ ಅಂದೆ.

“ಸಣ್ಣಗ ಅನ್ರಿ, ಶಾಸ್ತ್ರಿಗಳಽ,” ಅವಳು ಗೋಡೆಯ ಕಡೆ ನೋಡಿದಳು. “ಸಾಕಿದ ಹುಡುಗ ಅಂತ ಹೇಳಿ ಇಲ್ಲೆ ಇರಾಕ ಬಿಟ್ಟಾರ. ಮಗ ಅಂದದ್ದು ಅತ್ತ ಕೇಳ್ತಂದ್ರ ಈ ಖೋಲೀನೂ ಹೋಗ್ತೈತಿ.”

ನಾನು ದನಿ ತಗ್ಗಿಸಿ ಮತ್ತೆ ಮೊದಲಿನಿಂದ ಹೇಳಿಸಿದೆ.